ಕಿತ್ತಿಟ್ಟ ಕವಳಿ

ಮಿರಗ ಕೂಡಿ ಮೂರನೆಯ ದಿನ,
ಮೊದಲ ಮಳೆ ಫರಸಿ ತೊಳೆದು ಹೋದ ಮೇಲೆ
ಹನ್ನೊಂದು ವರ್ಷದ ಕವಳಿ ಕಂಟಿಯ ಮುಂದೆ
ಹಾರಿ ಹಿಡಿದು ನಿಂತೆ.

ಬಚ್ಚಲ ಮೋರಿಯ ಬಾಜೂ ಎದ್ದ ಗಿಡ,
ಯಾರೂ ಹಚ್ಚಿದ್ದಲ್ಲ.
ಹಕ್ಕಿಯದೋ, ಯಾರೋ ಹಣ್ಣು ತಿಂದು ಉಗುಳಿದ್ದೋ.
ಸಾಬೂನಿನ ನೀರು ಕುಡಿದೇ
ಸೊಂಟದೆತ್ತರ, ಎದೆಯೆತ್ತರ, ಆಮೇಲೆ
ಗೋಡೆಯಾಚೆ ಇಣುಕಿ
ಹಲೀಮಾಬೀಯ ಅಂಗಳದ ಸುದ್ದಿ ಕೇಳುವಷ್ಟು.

ಈಗ ಅವರದು ಎರಡನೇ ಮಜಲಾ ಎದ್ದಿದೆ.
ಹನ್ನೆರಡು ದಾಟಿದರೆ ಗಿಡಕ್ಕೆ ಸಂಜೆ.
ಹೋದ ವರ್ಷ ಒಂದು ಹಿಡಿ ಕಾಯಿ,
ಈ ವರ್ಷ ಎಣಿಸಿದೆ: ಹದಿನೇಳು.

ಶಹಾಬಾದಿನಲ್ಲಿ ಮಣ್ಣೆಂದರೆ
ಕಲ್ಲಿನ ಮೇಲೆ ಹೊದಿಸಿದ ಕೌದಿ,
ಅದೂ ಗಿಡ್ಡದು, ಕಾಲು ಚಾಚಿದರೆ ಹೊರಗೆ.
ಇಲ್ಲಿ ಹಾರಿ ಹಾಕಿದರೆ ಠಣ್,
ಎರಡು ಹೆಜ್ಜೆ ಸರಿದರೂ ಠಣ್.
ಮೂಡಲ ಮೂಲೆಯಲ್ಲಿ, ನೀರಿನ ಡ್ರಮ್ಮಿನ ಹತ್ತಿರ
ಫರಸಿಯ ಸಂದಿಯಲ್ಲಿ
ಹಾರಿ ಸದ್ದಿಲ್ಲದೆ ಇಳಿಯಿತು.

ಅಂಬಾಜಿ ಬಂದು ಒಂದು ಕಲ್ಲು ಎಬ್ಬಿಸಿದ.
ಅಡಿಯಲ್ಲಿ ತಂಪು, ಎರೆಹುಳ,
ನಮ್ಮಪ್ಪನ ಕಾಲದ ಐದು ಪೈಸೆ.
"ಕಲ್ಲು ಹಾಸಲಿಕ್ಕ ಕರೀತಾರ ಮಂದಿ,
ತೆಗೀಲಿಕ್ಕ ಕರದವರು ನೀವೇ ಪೈಲಾ" ಅಂದ.
ಕೂಲಿ ಮಾತ್ರ ಅಷ್ಟೇ ತಗೊಂಡ.

ಮೊದಲು ಕತ್ತರಿ.
ಮೂರರಲ್ಲಿ ಎರಡು ಪಾಲು ಕಡಿಯಬೇಕು,
ಬೇರು ತುಂಡಾದ ಮೇಲೆ
ಅಷ್ಟು ಎಲೆಗೆ ಉಣಿಸುವವರಾರು?
ಗೊತ್ತಿದ್ದೂ ಕೈ ತಡೆಯಿತು.
ಕಡಿದಲ್ಲೆಲ್ಲ ಬಿಳಿ ಹಾಲು ಒಸರಿ
ಬೆರಳಿಗೆ ಬೆರಳು ಅಂಟಿದವು.
ಮುಳ್ಳು ಜೋಡಿ ಜೋಡಿ;
ಒಂದನ್ನು ತಪ್ಪಿಸಿಕೊಂಡರೆ ಇನ್ನೊಂದು ಕಾದಿರುತ್ತದೆ.
ಹದಿನೇಳೂ ಕಾಯಿ ಹರಿದು ಉಡಿಗೆ ಹಾಕಿಕೊಂಡೆ.

ಗೋಡೆಯ ಮೇಲಿಂದ ಹಲೀಮಾಬೀ:
"ಗಿಡ ನಿಂದು ಖರೇ, ಗುರುಬಾಯಿ. ನೆರಳು ನಮ್ದು.
ಮನಿ ಏರಿಸೋ ಮುಂದ ಒಂದ್ ಮಾತು ಕೇಳಬೇಕಿತ್ತು."
ನಾನೇನೂ ಅನ್ನಲಿಲ್ಲ.
ಆ ಕಡೆ ವಾಲಿದ ಟೊಂಗಿಯ ಕಾಯಿ
ಹನ್ನೊಂದು ವರ್ಷವೂ ಆಕೆಯವೇ,
ಯಾರೂ ಬರೆದು ಕೊಟ್ಟಿದ್ದಿಲ್ಲ.
ಆಕೆಯ ಅಚಾರಿನ ಬಾಟಲಿ
ಈಗಲೂ ನಮ್ಮ ಮಾಡದಲ್ಲಿದೆ, ತಳದಲ್ಲಿ ಎಣ್ಣೆ ಅಷ್ಟೇ.
ಇನ್ನು ಮೇಲೆ ಗೋಡೆಗೆ ದೂರ, ಡ್ರಮ್ಮಿಗೆ ಹತ್ತಿರ.
ಇಬ್ಬರಿಗೂ ಒಮ್ಮೆಲೇ ಹೊಳೆದು
ಸ್ವಲ್ಪ ಹೊತ್ತು ಗಿಡವನ್ನೇ ನೋಡಿದೆವು.

ಸುತ್ತ ಮೊಳದಗಲ ಬಿಟ್ಟು ಅಗೆದೆವು.
ತಾಯಿಬೇರು ಗೋಡೆಯ ಬುಡದೊಳಗೆ ಹೊಕ್ಕಿತ್ತು.
ಎಲ್ಲಿಯತನಕ ಅಂತ ನೋಡಲಿಲ್ಲ,
ಅಂಬಾಜಿ ಕೊಡಲಿ ಎತ್ತಿದ. ಒಂದೇ ಏಟು.
ಹೆಂಟೆ ಒಡೆಯದಂತೆ ಗೋಣಿತಟ್ಟಿಗೆ ಉರುಳಿಸಿ
ಅಂಗಳದುದ್ದ ಎಳೆದೆವು,
ಕೂಸು ಮಲಗಿದ ತೊಟ್ಟಿಲು ಸರಿಸುವವರ ಹಾಗೆ
ಉಸಿರು ಬಿಗಿಹಿಡಿದು.

ಮೊದಲು ಎಷ್ಟು ಆಳವೋ ಅಷ್ಟೇ, ಬೆರಳಷ್ಟೂ ಹೆಚ್ಚಿಲ್ಲ.
ಎರಡು ಪುಟ್ಟಿ ಎರಿಮಣ್ಣು, ಕಳಿತ ಸಗಣಿ.
ಕಾಲಿಂದ ತುಳಿದು ನಾಲ್ಕು ಕೊಡ ನೀರು.

ಆಮೇಲೆ ಶುರುವಾಯಿತು ಅದರ ಸಿಟ್ಟು.
ಉಳಿದ ಎಲೆಯನ್ನೂ ಉದುರಿಸಿತು.
ಆರಿದ್ರಾ ಹೋಯಿತು, ಪುನರ್ವಸು ಹೋಯಿತು.
ದಿನಾ ಬೆಳಿಗ್ಗೆ ಉಗುರಿನಿಂದ ತೊಗಟೆ ಕೆರೆದು ನೋಡುತ್ತೇನೆ:
ಹಸಿರದ.
ಮಾತಾಡೋದಿಲ್ಲ, ಅಷ್ಟೇ.

ಪುಬ್ಬಾ ಮಳೆಯ ಒಂದು ನಸುಕಿನಲ್ಲಿ
ಹಲೀಮಾಬೀ ಕೂಗಿದಳು.
ಸೆರಗು ಸಿಗಿಸಿ ಓಡಿದೆ, ಆಕೆಯ ಅಂಗಳಕ್ಕೆ.
ಗೋಡೆಯ ಆ ಬದಿ, ಬುಡದ ಬಿರುಕಿನಲ್ಲಿ
ತಾಮ್ರಬಣ್ಣದ ಎರಡೆಲೆ,
ನಡುವೆ ಇನ್ನೂ ಗಟ್ಟಿಯಾಗದ ಮುಳ್ಳು, ಜೋಡಿ.
ಕಡಿದು ಬಿಟ್ಟ ಬೇರು
ನಮ್ಮ ಹಂಗು ತೊರೆದು ಅಲ್ಲಿ ಎದ್ದಿತ್ತು.

"ಇದು ಯಾರ್ದು ಈಗ?" ಅಂದಳು.
ನಾನು ಬಾಯಿ ತೆರೆಯುವುದರೊಳಗೆ
ಆಡು ಮೇಯದಂತೆ ನಾಲ್ಕು ಇಟ್ಟಂಗಿ ತಂದು ಸುತ್ತ ನಿಲ್ಲಿಸಿದಳು,
ಐದನೆಯದು ಸಿಗದೆ
ಮೊಮ್ಮಗನ ಮುರಿದ ಸ್ಲೇಟು.

ಮನೆಗೆ ಬಂದು ನಮ್ಮದಕ್ಕೆ ಒಂದು ಕೊಡ ಸುರಿದೆ.
ಕಡ್ಡಿ, ಮುಳ್ಳು, ಸುಮ್ಮನೆ.
ಉಗುರು ಹಾಕಿದೆ.
ಹಸಿರದ.